‘ನೈಸ್’ ಪದದ ಮೂಲವನ್ನು ಹುಡುಕುವ ಬಗೆ

ಇಂಗ್ಲಿಷಿನ ಯಾವುದೇ ಪದದ ಹುಟ್ಟನ್ನು ತಿಳಿಯಹೊರಟವರು ಮೊದಲು ಅದರ ಇಂದಿನ ಅರ್ಥಗಳನ್ನೆಲ್ಲ ಬರೆದಿಟ್ಟುಕೊಳ್ಳಬೇಕು. ‘ನೈಸ್’ ಎಂಬ ಪದವನ್ನೇ ತೆಗೆದುಕೊಳ್ಳೋಣ. ಹಿತವಾದ, ಸೌಜನ್ಯವುಳ್ಳ ಎಂಬ ಅರ್ಥಗಳು ಎಲ್ಲರಿಗೂ ಗೊತ್ತು. ಆದರೆ ‘ನೈಸ್ ಡಿಸ್ಟಿಂಕ್ಷನ್’ ಎಂದಾಗ ಅದೇ ಪದ ಸೂಕ್ಷ್ಮವಾದ ವ್ಯತ್ಯಾಸವನ್ನು ಹೇಳುತ್ತದೆ. ಹೀಗೆ ಉಳಿದವುಗಳೊಡನೆ ಹೊಂದದ ಅರ್ಥ ಕಂಡಲ್ಲಿ ಗುರುತು ಹಾಕಿಕೊಳ್ಳಿ, ಏಕೆಂದರೆ ಹಳೆಯ ಬಳಕೆಯ ಸುಳಿವು ಅನೇಕ ವೇಳೆ ಸಿಗುವುದು ಅಲ್ಲಿಯೇ.

ಅನಂತರ ಚಾರಿತ್ರಿಕ ನಿಘಂಟನ್ನು ತೆರೆಯಬೇಕು. 1884ರಿಂದ 1928ರವರೆಗೆ ಕಂತುಗಳಲ್ಲಿ ಹೊರಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಅರ್ಥಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ, ಬಳಕೆಯ ಉದಾಹರಣೆಗಳನ್ನು ಇಸವಿಸಹಿತ ಕೊಡುವುದರಿಂದ ಈ ಕೆಲಸಕ್ಕೆ ತಕ್ಕದ್ದಾಗಿದೆ. ಅಲ್ಲಿನ ಮೊದಲ ಇಸವಿ ಪದ ಹುಟ್ಟಿದ ವರ್ಷವಲ್ಲ, ದೊರೆತ ಮೊದಲ ಬರಹದ ಕಾಲ ಎಂಬುದು ನೆನಪಿರಲಿ. ಜನರ ಬಾಯಲ್ಲಿ ಅದು ಮೊದಲೇ ಓಡಾಡಿರಬಹುದು.

ಈ ಜಾಡಿನಲ್ಲಿ ಹಿಂದಕ್ಕೆ ಹೋದರೆ ‘ನೈಸ್’ ನಮ್ಮನ್ನು ಲ್ಯಾಟಿನ್ನಿನ ‘ನೆಸ್ಕಿಯುಸ್’ ಎಂಬ ಪದಕ್ಕೆ ಮುಟ್ಟಿಸುತ್ತದೆ. ‘ನೆ’ ಎಂದರೆ ಇಲ್ಲ, ‘ಸ್ಕೀರೆ’ ಎಂದರೆ ಅರಿಯುವುದು. ಎರಡೂ ಕೂಡಿ ಏನೂ ಅರಿಯದವನು ಎಂದಾಯಿತು. ಹಳೆಯ ಫ್ರೆಂಚಿನ ಮೂಲಕ 1300ರ ಸುಮಾರಿಗೆ ಇಂಗ್ಲಿಷಿಗೆ ಬಂದಾಗಲೂ ಅದು ಮೂರ್ಖನನ್ನೇ ಸೂಚಿಸುತ್ತಿತ್ತು. ಮುಂದೆ ಅತಿ ನಾಜೂಕಿನ, ಸುಲಭಕ್ಕೆ ಒಪ್ಪದ ಎಂಬ ಅರ್ಥ ಬಂತು. ಸಣ್ಣ ವಿಷಯವನ್ನೂ ಬಿಡದವನ ಈ ಗುಣವೇ ಸೂಕ್ಷ್ಮ, ನಿಖರ ಎಂಬ ಅರ್ಥಕ್ಕೆ ದಾರಿಯಾಯಿತು. ಹಿತವಾದ ಎಂಬ ಅರ್ಥ ನೆಲೆಗೊಂಡದ್ದು 18ನೇ ಶತಮಾನದಲ್ಲಿ. ಬೈಗುಳವೊಂದು ಹೊಗಳಿಕೆಯಾಗಲು ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲ ಹಿಡಿಯಿತು.

ಬಳಿಕ ಅದೇ ಧಾತುವಿನ ಬೇರೆ ಪದಗಳನ್ನು ನೋಡಬೇಕು. ‘ಸೈನ್ಸ್’ ಕೂಡ ‘ಸ್ಕೀರೆ’ಯಿಂದಲೇ ಬಂದದ್ದು, ಅರಿವೂ ಅರಿವುಗೇಡಿತನವೂ ಒಂದೇ ಬೇರಿನವೆಂಬುದು, ನನ್ನ ಮಟ್ಟಿಗೆ, ಈ ಹುಡುಕಾಟದ ಅತ್ಯಂತ ಸ್ವಾರಸ್ಯದ ಭಾಗ. ಹಾಗೆಂದು ಮೂಲಾರ್ಥವೇ ನಿಜವಾದ ಅರ್ಥವೆಂದು ವಾದಿಸುವುದು ಸಲ್ಲದು. ಇಂದು ‘ನೈಸ್’ ಎನಿಸಿಕೊಂಡವರು ಸಿಟ್ಟಾಗಬೇಕಾಗಿಲ್ಲ.

ಕೊನೆಯದಾಗಿ, ಅಕ್ಷರಗಳ ಹೋಲಿಕೆಯನ್ನು ನಂಬಬೇಡಿ. ಫ್ರಾನ್ಸಿನ ನೀಸ್ ನಗರದ ಹೆಸರನ್ನು ಇಂಗ್ಲಿಷಿನಲ್ಲಿ ಇದೇ ಅಕ್ಷರಗಳಲ್ಲಿ ಬರೆಯುತ್ತಾರಾದರೂ ಅದು ಗ್ರೀಕರ ‘ನಿಕಾಯಾ’ದಿಂದ ಬಂದದ್ದು, ಅದರ ಸಂಬಂಧವಿರುವುದು ವಿಜಯ ಎಂಬರ್ಥದ ‘ನೀಕೆ’ಯೊಡನೆ.