ಆಕ್ಟೇವಿಯಾ ಆರ್‌ಎಸ್: ಎಂಜಿನ್ ಕೆಡಿಸಿಕೊಳ್ಳದೆ ಬೂಸ್ಟ್ ಏರಿಸುವುದು ಹೇಗೆ

2017ರಲ್ಲಿ ಭಾರತಕ್ಕೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನ 2.0 ಟಿಎಸ್‌ಐ ಎಂಜಿನ್ 230 ಪಿಎಸ್ ಶಕ್ತಿ, 350 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. ಎಂಜಿನ್‌ಗೆ ಗಾಳಿ ಒತ್ತುವ ಅದೇ ಟರ್ಬೊ, ಆ ಗಾಳಿಯನ್ನು ತಣಿಸುವ ಅದೇ ಇಂಟರ್‌ಕೂಲರ್ ಇಟ್ಟುಕೊಂಡು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಪಾಲಿಸುವ ಮ್ಯಾಪ್, ಅಂದರೆ ಸಾಫ್ಟ್‌ವೇರ್, ಮಾತ್ರ ಬದಲಿಸಿದರೂ 280ರ ಆಚೆಗೆ ಹೋಗಬಹುದು. ಎಂಜಿನ್ ಗಟ್ಟಿಯಾಗಿದೆ. ತೊಂದರೆ ಶುರುವಾಗುವುದು ಬೇರೆಯವರ ಕಾರಿನ ಬೂಸ್ಟ್ (ಟರ್ಬೊ ಸೇರಿಸುವ ಹೆಚ್ಚುವರಿ ಗಾಳಿ ಒತ್ತಡ) ಅಂಕಿಯನ್ನು ತಂದು ನಮ್ಮ ಕಾರಿಗೆ ಹಾಕಿದಾಗ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು 0.91 ಬಾರ್, ಮಂಗಳೂರಿನಲ್ಲಿ 1.01. ಈ ಕಾರಿನ ಇಸಿಯು ನೋಡುವುದು ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್‌ನ ಒಟ್ಟು ಒತ್ತಡವನ್ನು, ಅಂದರೆ ಹೊರಗಿನ ಗಾಳಿ ಮತ್ತು ಬೂಸ್ಟ್ ಎರಡನ್ನೂ ಸೇರಿಸಿ. ಮ್ಯಾಪ್ 2.2 ಬಾರ್ ಕೇಳಿತು ಅನ್ನಿ. ಮಂಗಳೂರಿನಲ್ಲಿ ಟರ್ಬೊ ಗಾಳಿಯನ್ನು 2.18 ಪಟ್ಟು ಒತ್ತಿದರೆ ಸಾಕು, ಬೆಂಗಳೂರಿನಲ್ಲಿ 2.42 ಪಟ್ಟು ಒತ್ತಬೇಕು. 30 ಡಿಗ್ರಿ ಗಾಳಿ, ಟರ್ಬೊ ಒಳಗಿನ ಕಂಪ್ರೆಸರ್‌ನ ದಕ್ಷತೆ ಶೇ. 70 ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಟರ್ಬೊದಿಂದ ಹೊರಬರುವ ಗಾಳಿಯ ಬಿಸಿ ಮಂಗಳೂರಿನಲ್ಲಿ ಸುಮಾರು 138 ಡಿಗ್ರಿ, ಬೆಂಗಳೂರಿನಲ್ಲಿ 155. ಎಂಜಿನ್‌ಗೆ ಸೇರುವ ಒತ್ತಡ ಒಂದೇ, ಆದರೆ ಟರ್ಬೊ ಹೆಚ್ಚು ವೇಗವಾಗಿ ತಿರುಗಿರುತ್ತದೆ, ಇಂಟರ್‌ಕೂಲರ್‌ಗೆ ಹೆಚ್ಚು ಬಿಸಿ ಗಾಳಿ ಹೋಗಿರುತ್ತದೆ. ಆದ್ದರಿಂದ ಎಲ್ಲ ಲೆಕ್ಕವನ್ನೂ ಒಟ್ಟು ಒತ್ತಡದಲ್ಲೇ ಇಡಿ. ಡ್ಯಾಶ್‌ಬೋರ್ಡ್ ಮೇಲೆ ಅಂಟಿಸಿದ ಬೂಸ್ಟ್ ಮೀಟರಿನ ಅಂಕಿ ಊರಿಂದ ಊರಿಗೆ ಬದಲಾಗುತ್ತದೆ.

ಮೊದಲು ಸೋರಿಕೆ ಹುಡುಕಿ

ಪೈಪಿನಲ್ಲಿ ಗಾಳಿ ಸೋರುತ್ತಿದ್ದರೂ ಇಸಿಯು ತಾನು ಕೇಳಿದ ಒತ್ತಡ ಸಿಗುವವರೆಗೆ ಟರ್ಬೊವನ್ನು ದುಡಿಸುತ್ತಲೇ ಇರುತ್ತದೆ. ಸ್ಟಾಕ್ (ಕಂಪನಿ ಕೊಟ್ಟ ಮೂಲ) ಮ್ಯಾಪ್‌ನಲ್ಲಿ ಗೊತ್ತೇ ಆಗದ ಸಣ್ಣ ಸೋರಿಕೆ, ಬೂಸ್ಟ್ ಏರಿಸಿದ ಮೇಲೆ ಟರ್ಬೊದ ಆಯಸ್ಸು ತಿನ್ನುತ್ತದೆ.

ಎಂಜಿನ್ ತಣ್ಣಗಿರುವಾಗ ಏರ್ ಫಿಲ್ಟರ್ ಬಾಕ್ಸ್ ತೆಗೆದು, ಟರ್ಬೊದ ಬಾಯಿಗೆ ಹೋಗುವ ಪೈಪಿಗೆ ವಾಲ್ವ್ ಇರುವ ಮುಚ್ಚಳ ಬಿಗಿದು, ರೆಗ್ಯುಲೇಟರ್ ಇರುವ ಕಂಪ್ರೆಸರ್‌ನಿಂದ ಗಾಳಿ ತುಂಬಿ. 0.3 ಬಾರ್‌ನಿಂದ ಶುರುಮಾಡಿ ನಿಧಾನವಾಗಿ 1 ಬಾರ್‌ವರೆಗೆ ಹೋಗಿ, ಅದಕ್ಕಿಂತ ಮೇಲೆ ಬೇಡ. ಮುಚ್ಚಳ ಹಾರಿದರೆ ಮುಖಕ್ಕೇ ಬಡಿಯುತ್ತದೆ, ಅದರ ನೇರಕ್ಕೆ ನಿಲ್ಲಬೇಡಿ. ಇಂಟರ್‌ಕೂಲರ್‌ನ ಎರಡೂ ಬದಿಯ ಹೋಸ್, ಥ್ರಾಟಲ್ ಬಾಡಿ, ಪೆಡಲ್ ಬಿಟ್ಟಾಗ ಬೂಸ್ಟ್ ಹೊರಬಿಡುವ ಡೈವರ್ಟರ್ ವಾಲ್ವ್‌ನ ಸುತ್ತ ಸೋಪಿನ ನೀರು ಸಿಂಪಡಿಸಿ. ಗುಳ್ಳೆ ಎದ್ದಲ್ಲಿ ಕ್ಲಿಪ್ ಅಥವಾ ರಬ್ಬರ್ ರಿಂಗ್ ಬದಲಿಸಿ. ಹೋಸಿನ ಕೆಳಭಾಗದಲ್ಲಿ ಎಣ್ಣೆಯ ಜಿಡ್ಡಿಗೆ ಧೂಳು ಮೆತ್ತಿಕೊಂಡ ಕಪ್ಪು ಕಲೆ ಕಂಡರೆ ಆ ಜಾಗವನ್ನು ಎರಡು ಸಲ ನೋಡಿ. ಆಯಿಲ್ ಮುಚ್ಚಳದ ಕಡೆಯಿಂದ ಗಾಳಿ ಜೋರಾಗಿ ಬಂದರೆ ಕ್ರ್ಯಾಂಕ್‌ಕೇಸ್‌ಗೆ (ಎಂಜಿನ್‌ನ ಕೆಳಗಿನ ಆಯಿಲ್ ಇರುವ ಭಾಗ) ಒತ್ತಡ ಹೋಗುತ್ತಿದೆ ಎಂದರ್ಥ. ಅಲ್ಲಿಗೇ ನಿಲ್ಲಿಸಿ, ಆ ಭಾಗದ ಗಾಳಿಯನ್ನು ಹೊರಬಿಡುವ ಪಿಸಿವಿ ವಾಲ್ವ್ ಪರೀಕ್ಷಿಸಿ.

ಇದೇ ಹೊತ್ತಿಗೆ ಸ್ಪಾರ್ಕ್ ಪ್ಲಗ್ ಬದಲಿಸಿಬಿಡಿ. ಸ್ಟಾಕ್‌ಗಿಂತ ಒಂದು ಹೆಜ್ಜೆ ತಣ್ಣಗಿನ ಹೀಟ್ ರೇಂಜ್ (ಬಿಸಿಯನ್ನು ಬೇಗ ಬಿಡುವ ಪ್ಲಗ್), ಗ್ಯಾಪ್ 0.6ರಿಂದ 0.7 ಮಿಲಿಮೀಟರ್. ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರುವುದು ಕಷ್ಟ, ಗ್ಯಾಪ್ ದೊಡ್ಡದಿದ್ದರೆ ಪೂರ್ತಿ ತುಳಿದಾಗ ಮಿಸ್‌ಫೈರ್ ಆಗುತ್ತದೆ. ಎಂಜಿನ್ ಆಯಿಲ್ ಸ್ಕೋಡಾ ಹೇಳಿದ ಗುಣಮಟ್ಟದ್ದೇ ಇರಲಿ. 15,000 ಕಿಲೋಮೀಟರ್ ಕಾಯದೆ 7,500ಕ್ಕೆ ಬದಲಿಸಿ.

ಸ್ಟಾಕ್ ಕಾರಿನ ಲಾಗ್

ಮ್ಯಾಪ್ ಮುಟ್ಟುವ ಮುಂಚೆ ಸ್ಟಾಕ್ ಕಾರಿನ ಲಾಗ್ (ಓಡುವಾಗ ದಾಖಲಾದ ಇಸಿಯು ಅಂಕಿಗಳು) ಕೈಯಲ್ಲಿರಲೇಬೇಕು. ಅವನ್ನು ಓದಲು ವಿಸಿಡಿಎಸ್ ಅಥವಾ ಒಬಿಡಿಇಲೆವೆನ್ ಸಾಧನ ಸಾಕು. ಕೇಳಿದ ಒತ್ತಡ, ನಿಜವಾಗಿ ಸಿಕ್ಕ ಒತ್ತಡ, ಒಳಹೋಗುವ ಗಾಳಿಯ ಬಿಸಿ, ನಾಲ್ಕೂ ಸಿಲಿಂಡರಿನ ಇಗ್ನಿಷನ್ ಹಿಂದೆಳೆತ (ಮಿಶ್ರಣ ತಪ್ಪಾಗಿ ಹೊತ್ತಿದಾಗ ಇಸಿಯು ಕಿಡಿಯನ್ನು ತಡಮಾಡುವ ಡಿಗ್ರಿ), ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಪ್ರಮಾಣ), ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಕೊಡುವ ಇಂಧನ ರೈಲಿನ ಒತ್ತಡ, ವೇಸ್ಟ್‌ಗೇಟ್ (ಟರ್ಬೊ ತಿರುಗಿಸುವ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲು) ಸ್ಥಾನ ಇವಿಷ್ಟು ಬೇಕು. ಡೈನೋ (ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಒಂದರ ಹಿಂದೊಂದು ಮೂರು ಸಲ ಎಳೆಸಿ. ಮೂರನೇ ಸಲ ಇಂಟರ್‌ಕೂಲರ್ ಬಿಸಿಯಾದ ಮೇಲೆ ಏನಾಗುತ್ತದೆ ಎಂಬುದೇ ಮುಖ್ಯ, ಟ್ರಾಫಿಕ್‌ನಿಂದ ಹೊರಬಂದ ಕಾರು ಅದೇ ಸ್ಥಿತಿಯಲ್ಲಿರುತ್ತದೆ. ಈ ಕೆಲಸ ರಿಂಗ್ ರೋಡಿನಲ್ಲಿ ಬೇಡ. ಮೂರನೇ ಗೇರ್‌ನಲ್ಲೇ 130 ದಾಟುತ್ತದೆ.

ಪೆಟ್ರೋಲ್ ವಿಷಯದಲ್ಲಿ ಒಂದು ನಿರ್ಧಾರಕ್ಕೆ ಬಂದು ಅದಕ್ಕೇ ಅಂಟಿಕೊಳ್ಳಿ. ನೀವು ವರ್ಷವಿಡೀ ನಿಜವಾಗಿ ಹಾಕಿಸುವ ಪೆಟ್ರೋಲ್ ಯಾವುದೋ ಅದರ ಮೇಲೇ ಟ್ಯೂನ್ ಆಗಬೇಕು. ತಾನಾಗಿ ಹೊತ್ತಿಕೊಳ್ಳುವುದನ್ನು ಹೆಚ್ಚು ತಡೆಯುವ 100 ಆಕ್ಟೇನ್ ಪೆಟ್ರೋಲ್ ಮೇಲೆ ಮಾಡಿಸಿ ಆಮೇಲೆ ಮಾಮೂಲಿ ಪೆಟ್ರೋಲ್ ಹಾಕಿಸುವವರ ಎಂಜಿನ್ನೇ ಹೆಚ್ಚಾಗಿ ಗ್ಯಾರೇಜಿಗೆ ಬರುವುದು.

ಎಷ್ಟು, ಎಲ್ಲಿ ಏರಿಸಬೇಕು

ಈ ಕಾರಿನ ವೇಸ್ಟ್‌ಗೇಟನ್ನು ವಿದ್ಯುತ್ ಮೋಟಾರ್ ನಡೆಸುತ್ತದೆ. ಹಳೆಯ ಕಾರುಗಳಿಗೆ ಹಾಕುತ್ತಿದ್ದ ತಿರುಪಿನ ಬೂಸ್ಟ್ ಕಂಟ್ರೋಲರ್‌ಗೆ ಇಲ್ಲಿ ಜಾಗವಿಲ್ಲ. ಸೆನ್ಸರ್ ವೈರಿನ ನಡುವೆ ಸಿಕ್ಕಿಸುವ ಟ್ಯೂನಿಂಗ್ ಬಾಕ್ಸ್ ಕೂಡ ಬೇಡವೇ ಬೇಡ. ಅದು ಒತ್ತಡ ಕಡಿಮೆಯಿದೆ ಎಂದು ಇಸಿಯುಗೆ ಸುಳ್ಳು ಹೇಳಿ ಬೂಸ್ಟ್ ಏರಿಸುತ್ತದೆ. ಆಮೇಲೆ ಲಾಗ್‌ನಲ್ಲಿ ಕಾಣುವುದೂ ಅದೇ ಸುಳ್ಳು. ಇಸಿಯು ಮ್ಯಾಪ್ ಒಂದೇ ಸರಿಯಾದ ದಾರಿ.

ಟ್ಯೂನರ್ ಹತ್ತಿರ ಹೀಗೆ ಕೇಳಿ: 2,500 ಆರ್‌ಪಿಎಂ ಒಳಗೆ ಟಾರ್ಕ್ ಸ್ಟಾಕ್‌ನಷ್ಟೇ ಇರಲಿ. 3,000ದಿಂದ 4,500ರ ನಡುವೆ ಒತ್ತಡ ಸ್ಟಾಕ್ ಲಾಗ್‌ಗಿಂತ 0.2ರಿಂದ 0.3 ಬಾರ್ ಹೆಚ್ಚಲಿ, ಅದೂ 0.1ರ ಹೆಜ್ಜೆಗಳಲ್ಲಿ. 5,500 ದಾಟಿದ ಮೇಲೆ 0.1ಕ್ಕಿಂತ ಹೆಚ್ಚು ಬೇಡ. ಕೆಳಗಿನ ಮಿತಿಗೆ ಕಾರಣವಿದೆ: ಕಡಿಮೆ ಆರ್‌ಪಿಎಂ, ದೊಡ್ಡ ಲೋಡ್ ಇದ್ದಾಗ ಕಿಡಿಗೆ ಮುಂಚೆಯೇ ಮಿಶ್ರಣ ತಾನಾಗಿ ಹೊತ್ತಿಕೊಳ್ಳಬಹುದು, ಅಂಥ ಒಂದೇ ಹೊಡೆತಕ್ಕೆ ಪಿಸ್ಟನ್‌ನ ರಿಂಗ್ ಕೂರುವ ಅಂಚು ಮುರಿದಾಗಿರುತ್ತದೆ. ಮೇಲಿನ ಮಿತಿ ಟರ್ಬೊದ ಸಲುವಾಗಿ. ಇದರ ಐಎಸ್20 ಟರ್ಬೊ ಚಿಕ್ಕದು; ಕೊನೆಯ ಸಾವಿರ ಆರ್‌ಪಿಎಂನಲ್ಲಿ ಎಷ್ಟು ಒತ್ತಾಯ ಮಾಡಿದರೂ ಅದು ಕೊಡುವುದು ಬಿಸಿ ಗಾಳಿಯನ್ನೇ.

ಪ್ರತಿ ಹೆಜ್ಜೆಯ ನಂತರ ಮತ್ತೆ ಲಾಗ್. ಒಂದು ಸಿಲಿಂಡರ್ ಆಗೊಮ್ಮೆ ಈಗೊಮ್ಮೆ 2–3 ಡಿಗ್ರಿ ಹಿಂದೆ ಸರಿದರೆ ಚಿಂತೆಯಿಲ್ಲ. ನಾಲ್ಕೂ ಒಟ್ಟಿಗೆ 4–5 ಡಿಗ್ರಿ ಹಿಂದೆ ಹೋಗಿ ಅಲ್ಲೇ ನಿಂತರೆ ಪೆಟ್ರೋಲಿಗೆ ಆ ಬೂಸ್ಟ್ ತಡೆಯುತ್ತಿಲ್ಲ, ಒಂದು ಹೆಜ್ಜೆ ಇಳಿಸಿ. ಯಾವಾಗಲೂ ಒಂದೇ ಸಿಲಿಂಡರ್ ನರಳುತ್ತಿದ್ದರೆ ಅದರ ಪ್ಲಗ್ ಮತ್ತು ಕಾಯಿಲನ್ನು ಪಕ್ಕದ್ದಕ್ಕೆ ಅದಲುಬದಲು ಮಾಡಿ. ತೊಂದರೆ ಜೊತೆಗೇ ಪಕ್ಕಕ್ಕೆ ಹೋದರೆ ಬಿಡಿಭಾಗದ್ದು, ಅಲ್ಲೇ ಉಳಿದರೆ ಕಾರ್ಬನ್ ಅಥವಾ ಇಂಜೆಕ್ಟರ್ ನೋಡಿ. ವೇಸ್ಟ್‌ಗೇಟ್ ಪೂರ್ತಿ ಮುಚ್ಚಿದ್ದರೂ ಕೇಳಿದ್ದಕ್ಕಿಂತ 0.1 ಬಾರ್‌ಗೂ ಹೆಚ್ಚು ಕೊರತೆ ಬೀಳುತ್ತಿದ್ದರೆ ಸೋರಿಕೆ ಇದೆ ಅಥವಾ ಟರ್ಬೊದ ಶಕ್ತಿ ಅಷ್ಟೇ. ರೈಲಿನ ಒತ್ತಡ ಗುರಿಗಿಂತ 15–20 ಬಾರ್ ಕುಸಿದರೆ ಪಂಪ್ ಸಾಲುತ್ತಿಲ್ಲ, ಅಲ್ಲಿಗೆ ಸಾಕು. ಒಳಗಾಳಿಯ ಬಿಸಿ ಪ್ರತಿ ಎಳೆತಕ್ಕೂ 60 ಡಿಗ್ರಿ ದಾಟುತ್ತಿದ್ದರೆ ದುಡ್ಡನ್ನು ದೊಡ್ಡ ಇಂಟರ್‌ಕೂಲರ್‌ಗೆ ಹಾಕಿ, ಬೂಸ್ಟ್‌ಗಲ್ಲ.

ಗೇರ್‌ಬಾಕ್ಸ್ ಮತ್ತು ಕಾಗದಪತ್ರ

230 ಪಿಎಸ್ ಆರ್‌ಎಸ್‌ನಲ್ಲಿರುವುದು ಎಣ್ಣೆಯಲ್ಲಿ ಮುಳುಗಿದ ಕ್ಲಚ್‌ನ ಆರು ಗೇರಿನ ಡಿಎಸ್‌ಜಿ (ಎರಡು ಕ್ಲಚ್‌ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್). ಟಾರ್ಕ್ 400 ದಾಟಿಸುವುದಾದರೆ ಕ್ಲಚ್ ಒತ್ತಡ ಹೆಚ್ಚಿಸುವ ಗೇರ್‌ಬಾಕ್ಸ್ ಮ್ಯಾಪ್ ಕೂಡ ಬೇಕು. ವೇಗ ಹೆಚ್ಚದೆ ಆರ್‌ಪಿಎಂ ಮಾತ್ರ ಏರಿದರೆ ಕ್ಲಚ್ ಜಾರುತ್ತಿದೆ. 60,000 ಕಿಲೋಮೀಟರಿಗೆ ಬದಲಿಸಬೇಕಾದ ಗೇರ್ ಆಯಿಲನ್ನು ಇನ್ನೂ ಮುಂಚೆಯೇ ಬದಲಿಸಿ. 1.8 ಟಿಎಸ್‌ಐ ಆಕ್ಟೇವಿಯಾ ಇರುವವರಿಗೆ ಈ ಲೆಕ್ಕ ನಡೆಯುವುದಿಲ್ಲ. ಅದರ ಏಳು ಗೇರಿನ ಡ್ರೈ ಕ್ಲಚ್ ಡಿಎಸ್‌ಜಿಯ ಮಿತಿಯೇ 250 ನ್ಯೂಟನ್ ಮೀಟರ್, ಕಂಪನಿ ಅಷ್ಟನ್ನೂ ಆಗಲೇ ಬಳಸಿದೆ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ವಿವರಕ್ಕೆ ವಿರುದ್ಧವಾದ ಬದಲಾವಣೆಯನ್ನು ಒಪ್ಪುವುದಿಲ್ಲ, ತಪ್ಪಿದರೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ವಿಮಾ ಕಂಪನಿಗೆ ತಿಳಿಸದಿದ್ದರೆ ಕ್ಲೇಮ್ ಹೊತ್ತಿಗೆ ತಕರಾರು ಬರಬಹುದು. ಸರ್ವಿಸ್ ಸೆಂಟರ್‌ನ ಕಂಪ್ಯೂಟರ್ ಬದಲಾದ ಸಾಫ್ಟ್‌ವೇರನ್ನು ಗುರುತಿಸಿ ಟಿಡಿ1 ಎಂದು ದಾಖಲಿಸಿದರೆ ಎಂಜಿನ್, ಗೇರ್‌ಬಾಕ್ಸ್‌ನ ವಾರಂಟಿ ಕೈಬಿಟ್ಟಿತು. ಸ್ಟಾಕ್ ಮ್ಯಾಪ್ ವಾಪಸ್ ಹಾಕಿಸಿದರೂ ಆ ದಾಖಲೆ ಅಳಿಯುವುದಿಲ್ಲ.

ಸ್ಟಾಕ್ ಫೈಲಿನ ಪ್ರತಿಯನ್ನು ಮಾತ್ರ ಟ್ಯೂನರ್‌ನಿಂದ ಇಸಿದುಕೊಂಡೇ ಬನ್ನಿ. ದೂರದ ಊರಿಗೆ ಹೊರಟು, ದಾರಿಯ ಬಂಕುಗಳಲ್ಲಿ ನಿಮ್ಮ ಪೆಟ್ರೋಲ್ ಸಿಗುತ್ತದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಹೊರಡುವ ಮುಂಚೆ ಆ ಸ್ಟಾಕ್ ಫೈಲನ್ನೇ ಇಸಿಯುಗೆ ಹಾಕಿಸಿ. ದಾರಿಯಲ್ಲೇ ಸಿಕ್ಕಿಬಿದ್ದರೆ ಆ ಟ್ಯಾಂಕ್ ಮುಗಿಯುವವರೆಗೆ ಅರ್ಧ ಪೆಡಲಿಗಿಂತ ಹೆಚ್ಚು ತುಳಿಯಬೇಡಿ, ಘಾಟಿ ಏರುವಾಗ ಮೇಲಿನ ಗೇರ್‌ನಲ್ಲಿ ಎಳೆಸದೆ ಒಂದು ಗೇರ್ ಇಳಿಸಿ ಓಡಿಸಿ.