ಕುತ್ತಿಗೆಗೆ ಚರೆ ತಗುಲಿದಾಗ: ರಕ್ತನಾಳದ ಒಳಗಿನಿಂದ ಮಾಡಿದ ಚಿಕಿತ್ಸೆ

ಕುತ್ತಿಗೆಗೆ ಗುಂಡು ತಗುಲಿದವರಲ್ಲಿ ಹೊರಗಿನ ಗಾಯದ ಗಾತ್ರವನ್ನು ನೋಡಿ ಒಳಗಿನ ಹಾನಿಯನ್ನು ಅಳೆಯಲಾಗದು. ನಾಡಕೋವಿಯ ಚರೆಗಳು, ಅಂದರೆ ಸಣ್ಣ ಲೋಹದ ಗುಂಡುಗಳು, ಚರ್ಮದ ಮೇಲೆ ಸಾಸಿವೆಯಷ್ಟು ರಂಧ್ರಗಳನ್ನಷ್ಟೇ ಉಳಿಸಿ, ಒಳಗೆ ಬೇರೆ ಬೇರೆ ಅಪಧಮನಿಗಳನ್ನು ಏಕಕಾಲಕ್ಕೆ ಸೀಳಿರಬಹುದು. ಮುಳ್ಳೇರಿಯದಿಂದಾಚೆಗಿನ ಗುಡ್ಡದೂರಿನ ಕೃಷಿಕರೊಬ್ಬರನ್ನು ರಾತ್ರಿ ಕೇರಳ ಗಡಿಯ ತಲಪಾಡಿ ದಾಟಿಸಿ ಮಂಗಳೂರಿಗೆ ಕರೆತಂದಾಗ ಆಗಿದ್ದುದು ಅದೇ. ಕಾಡುಹಂದಿ ಕಾಯಲು ಹೋಗಿದ್ದಾಗ ಜೊತೆಗಾರರ ಕೋವಿ ಸಿಡಿದಿತ್ತು. ಕಾಸರಗೋಡಿನ ವೈದ್ಯರು ಗಾಯವನ್ನು ಒತ್ತಿ ಕಟ್ಟಿ, ಶ್ವಾಸನಾಳಕ್ಕೆ ಕೊಳವೆ ಹಾಕಿಯೇ ಕಳುಹಿಸಿದ್ದರು. ಬಾಯಿಯೊಳಗೆ ರಕ್ತ ತುಂಬುತ್ತಿರುವವರನ್ನು ಕೊಳವೆಯಿಲ್ಲದೆ ಅಷ್ಟು ದೂರ ಸಾಗಿಸಿದರೆ, ರಕ್ತಸ್ರಾವಕ್ಕಿಂತ ಮೊದಲು ಉಸಿರುಗಟ್ಟಿಯೇ ಪ್ರಾಣ ಹೋಗಬಹುದು. ಆ ರಾತ್ರಿಯ ಅತಿ ಮುಖ್ಯ ಚಿಕಿತ್ಸೆ ಅಲ್ಲಿಯೇ ಆಗಿತ್ತೆಂದು ನಾನು ಈಗಲೂ ನಂಬುತ್ತೇನೆ.

ಕುತ್ತಿಗೆಯ ಎಡಬದಿಯಲ್ಲಿ ಬೆರಳಿಟ್ಟರೆ ನಾಡಿಯ ಬಡಿತದ ಜೊತೆಗೆ ಒಂದು ಗುಂಯ್‌ಗುಡುವ ಕಂಪನ ತಿಳಿಯುತ್ತಿತ್ತು. ಅಪಧಮನಿಯ ರಕ್ತ ನೇರವಾಗಿ ಅಭಿಧಮನಿಗೆ ನುಗ್ಗುತ್ತಿರುವುದರ ಲಕ್ಷಣವದು. ರಕ್ತನಾಳಗಳನ್ನು ತೋರಿಸುವ ಸಿಟಿ ಆಂಜಿಯೋಗ್ರಾಂನಲ್ಲಿ ಚರೆಗಳ ಲೋಹದಿಂದ ಚಿತ್ರದ ತುಂಬ ಬಿಳಿ ಗೆರೆಗಳು ಹರಡಿ, ಬೇಕಾದ ಜಾಗವೇ ಮಸುಕಾಗಿತ್ತು. ಇಂಥ ಸಂದರ್ಭದಲ್ಲಿ ಮಸುಕು ಚಿತ್ರವನ್ನು ನಂಬಿ ಕೂರದೆ ನಾಳದೊಳಗೆ ಕೊಳವೆ ತೂರಿಸಿ ನೋಡುವ ಕ್ಯಾಥ್ ಲ್ಯಾಬಿಗೆ ಹೋಗುವುದೇ ಸರಿಯಾದ ದಾರಿ.

ತೊಡೆಯ ಅಪಧಮನಿಯಿಂದ ಕ್ಯಾತಿಟರ್ ಎಂಬ ಸಪೂರ ಕೊಳವೆ ಏರಿಸಿ ನೋಡಿದಾಗ ಎರಡು ಗಾಯಗಳು ಕಂಡವು: ಮುಖದ ಅಪಧಮನಿಯ ಒಂದು ಕವಲಿನಿಂದ ಬಾಯಿಗೆ ರಕ್ತ ಸೋರುತ್ತಿತ್ತು; ನಾಲ್ಕನೆಯ ಕತ್ತಿನ ಕಶೇರುವಿನ ಮಟ್ಟದಲ್ಲಿ ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎಡ ವರ್ಟಿಬ್ರಲ್ ಅಪಧಮನಿ ಒಡೆದು ಪಕ್ಕದ ಅಭಿಧಮನಿಗೆ ಕೂಡಿಕೊಂಡಿತ್ತು. ಈ ಅಪಧಮನಿಯು ಕತ್ತಿನ ಮೂಳೆಗಳ ರಂಧ್ರಗಳೊಳಗಿಂದ ಮೇಲೇರುವುದರಿಂದ ಶಸ್ತ್ರಚಿಕಿತ್ಸಕರ ಕೈಗೆ ಅದು ಸುಲಭವಾಗಿ ಸಿಗದು. ಒಳಗಿನಿಂದ ಮುಚ್ಚುವ ವಿಧಾನಕ್ಕೆ ಅದಕ್ಕಾಗಿಯೇ ಇಲ್ಲಿ ಇಷ್ಟು ಬೆಲೆ.

ಆದರೆ ಮುಚ್ಚುವ ಮೊದಲು ಎದುರು ಬದಿಯನ್ನು ನೋಡಲೇಬೇಕು. ಒಬ್ಬೊಬ್ಬರಲ್ಲಿ ಬಲಗಡೆಯ ವರ್ಟಿಬ್ರಲ್ ನೂಲಿನಷ್ಟು ಸಪೂರವಿರುತ್ತದೆ, ಕೆಲವರಲ್ಲಿ ಅದು ಮಿದುಳಿನ ಬುಡದ ಬೇಸಿಲಾರ್ ಅಪಧಮನಿಯನ್ನು ಸೇರುವುದೇ ಇಲ್ಲ. ಅಂಥವರ ಎಡಬದಿಯನ್ನು ಮುಚ್ಚಿದರೆ ಮಿದುಳುಕಾಂಡವೇ ರಕ್ತವಿಲ್ಲದೆ ಹೋಗಬಹುದು. ಇವರ ಬಲಬದಿ ದಪ್ಪವಾಗಿದ್ದು, ಎಕ್ಸ್‌ರೇಯಲ್ಲಿ ನಾಳವನ್ನು ಕಾಣಿಸುವ ಕಾಂಟ್ರಾಸ್ಟ್ ದ್ರವವು ಬೇಸಿಲಾರ್ ಅನ್ನು ತುಂಬಿ ಎಡ ವರ್ಟಿಬ್ರಲ್‌ನೊಳಗೆ ಕೆಳಮುಖವಾಗಿ ಇಳಿದು ಗಾಯದವರೆಗೂ ಬರುತ್ತಿತ್ತು. ಅದು ಸಮಾಧಾನದ ಸಂಗತಿಯೂ ಹೌದು, ಎಚ್ಚರಿಕೆಯೂ ಹೌದು. ಗಾಯದ ಕೆಳಬದಿಯನ್ನು ಮಾತ್ರ ಮುಚ್ಚಿದ್ದರೆ ರಕ್ತ ಮೇಲಿನಿಂದ ಹಿಂದಿರುಗಿ ಸೋರುತ್ತಲೇ ಇರುತ್ತಿತ್ತು, ಕೆಳಗಿನ ದಾರಿ ಮುಚ್ಚಿಹೋದ ಕಾರಣ ನಮಗೆ ಮತ್ತೆ ಅಲ್ಲಿಗೆ ತಲುಪುವುದೂ ಕಷ್ಟವಾಗುತ್ತಿತ್ತು. ಆದ್ದರಿಂದ ಮೈಕ್ರೋಕ್ಯಾತಿಟರನ್ನು ಒಡೆದ ಭಾಗದ ಮೂಲಕವೇ ನಿಧಾನವಾಗಿ ದಾಟಿಸಿ, ಮೊದಲು ಮೇಲೆ, ಬಳಿಕ ಹಿಂದಕ್ಕೆಳೆದು ಕೆಳಗೆ ನಾಳವನ್ನು ಮುಚ್ಚುವ ಪ್ಲಾಟಿನಂ ತಂತಿಯ ಸುರುಳಿಗಳಾದ ಕಾಯಿಲ್‌ಗಳನ್ನು ಕೂರಿಸಿದೆನು. ಗಾಯವನ್ನು ದಾಟಲಾಗದಿದ್ದರೆ ಎದುರು ಬದಿಯಿಂದ ಏರಿ, ಎರಡೂ ಕೂಡುವಲ್ಲಿ ತಿರುಗಿ ಕೆಳಗಿಳಿಯಬೇಕಾಗುತ್ತದೆ. ಕೊನೆಯ ಕಾಯಿಲ್ ಕುಳಿತ ಮೇಲೆ ಕುತ್ತಿಗೆಯ ಕಂಪನ ನಿಂತಿತ್ತು. ಬಲಬದಿಯಿಂದ ಮತ್ತೊಮ್ಮೆ ದ್ರವ ಬಿಟ್ಟು, ಕಿರುಮಿದುಳಿಗೆ ಹೋಗುವ ಕವಲುಗಳು ತುಂಬುವುದನ್ನು ಖಚಿತಪಡಿಸಿಕೊಂಡೆವು.

ಮುಖದ ಕವಲನ್ನು ಸಣ್ಣ ಕಾಯಿಲ್‌ನಿಂದ ಮುಚ್ಚಿದೆವು. ಅಲ್ಲಿ ಪುಡಿಯಂಥ ಸೂಕ್ಷ್ಮಕಣಗಳನ್ನು ಬಿಡಲು ನಾನು ಹಿಂಜರಿಯುತ್ತೇನೆ, ಏಕೆಂದರೆ ಮುಖಕ್ಕೆ ರಕ್ತ ಒಯ್ಯುವ ಹೊರ ಕ್ಯಾರೋಟಿಡ್ ಅಪಧಮನಿಯ ಕವಲುಗಳಿಗೂ ಕಣ್ಣು ಮತ್ತು ಮಿದುಳಿನ ನಾಳಗಳಿಗೂ ನಡುವೆ ಕಿರುಸಂಪರ್ಕಗಳಿದ್ದು, ಕಣಗಳು ಅವುಗಳ ಮೂಲಕ ಅಲ್ಲಿಗೆ ಹೋಗಬಹುದು.

ಮಿದುಳಿಗೆ ರಕ್ತ ಒಯ್ಯುವ ಒಳ ಕ್ಯಾರೋಟಿಡ್‌ಗೆ ಗಾಯವಾಗಿದ್ದರೆ ಲೆಕ್ಕಾಚಾರವೇ ಬೇರೆ. ಅಲ್ಲಿ ನಾಳವನ್ನು ಉಳಿಸಲು ಹೊದಿಕೆಯಿರುವ ಸ್ಟೆಂಟ್ ಎಂಬ ಜಾಲರಿ ಕೊಳವೆ ಹಾಕಬಹುದು, ಆದರೆ ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಕೊಡಬೇಕು. ಮೈತುಂಬ ಹಸಿ ಗಾಯಗಳಿರುವವರಿಗೆ ರಕ್ತಸ್ರಾವವನ್ನು ಹೆಚ್ಚಿಸಬಲ್ಲ ಆ ಮಾತ್ರೆಗಳನ್ನು ಕೊಡುವ ತೀರ್ಮಾನ ಸುಲಭದ್ದಲ್ಲ.

ವಾರ್ಡಿನಲ್ಲಿ ಆ ಕೃಷಿಕರ ತಮ್ಮ ಕೇಳಿದ ಮೊದಲ ಪ್ರಶ್ನೆ, "ಡಾಕ್ಟ್ರೇ, ಚರೆ ತೆಗೆಯಲೇ ಇಲ್ಲವಲ್ಲ?" ಎಂಬುದು. ನಾಳಕ್ಕೋ ನರಕ್ಕೋ ತೊಂದರೆ ಕೊಡದ ಚರೆಗಳನ್ನು ಹುಡುಕಿ ತೆಗೆಯಲು ಹೋದರೆ ಹೊಸ ಗಾಯಗಳಾಗುತ್ತವೆ ಎಂದು ವಿವರಿಸಿದೆನು. ಮೊದಲ ದಿನ ಕಾಣದ ಹುಸಿ ಉಬ್ಬು (ಗಾಯಗೊಂಡ ನಾಳದ ಪಕ್ಕ ರಕ್ತ ಸೇರಿ ಆಗುವ ಚೀಲ) ನಂತರ ಬೆಳೆದು ಒಡೆಯುವ ಅಪಾಯವಿರುವುದರಿಂದ, ಮನೆಗೆ ಕಳುಹಿಸುವ ಮೊದಲು ಆಂಜಿಯೋಗ್ರಾಂ ಮತ್ತೊಮ್ಮೆ ಮಾಡಿಸಿದೆವು. ಉಕ್ಕಿನ ಚರೆಯಾಗಿದ್ದರೆ ಎಂಆರ್‌ಐ ಯಂತ್ರದ ಕಾಂತಕ್ಕೆ ಅಲುಗಬಹುದು. ಹಾಗಾಗಿ ಕುತ್ತಿಗೆಯಲ್ಲಿ ಲೋಹವಿದೆಯೆಂದು ಮಲಯಾಳ, ಕನ್ನಡ ಎರಡರಲ್ಲೂ ಚೀಟಿ ಬರೆದುಕೊಟ್ಟು, ಯಾವ ಆಸ್ಪತ್ರೆಗೆ ಹೋದರೂ ಮೊದಲು ಅದನ್ನು ತೋರಿಸುವಂತೆ ಹೇಳಿದೆನು.