ಟ್ರೈಪಾಡ್‌ಗಿಂತ ಮೊದಲು ಮರಳಿನ ಚೀಲ

ಅಮೆರಿಕದ ಪಿಆರ್‌ಎಸ್ (ಪ್ರಿಸಿಷನ್ ರೈಫಲ್ ಸೀರೀಸ್) ಮಾದರಿಯ, ಅಂದರೆ ಬೇರೆ ಬೇರೆ ಆಸರೆಗಳ ಮೇಲಿಂದ ನಿಗದಿತ ಸಮಯದಲ್ಲಿ ದೂರದ ಗುರಿಗಳಿಗೆ ಹೊಡೆಯುವ ರೈಫಲ್ ಸ್ಪರ್ಧೆಗಳಲ್ಲಿ ಟ್ರೈಪಾಡ್ (ಮೂರು ಕಾಲಿನ ಸ್ಟ್ಯಾಂಡ್) ಆಸರೆಗೆ ಅವಕಾಶ ಇರಬೇಕೇ ಎಂಬ ವಾದ ಮುಗಿಯುವುದೇ ಇಲ್ಲ. ಹೊಸಬರಿಗೆ ನಾನು ಹೇಳುವುದು ಇಷ್ಟು: ಮೊದಲು ಒಂದು ಒಳ್ಳೆಯ ಮರಳಿನ ಚೀಲ ಕೊಳ್ಳಿ. ಬ್ಯಾರಿಕೇಡಿನ (ರೈಫಲ್ ಊರಲು ಇಟ್ಟ ಅಡ್ಡಕಟ್ಟೆಯ) ಮೇಲೆ ಅದನ್ನು ಅದುಮಿ ಕೂರಿಸಿ, ರೈಫಲ್ ಸಮತೋಲಕ್ಕೆ ಬರುವ ಜಾಗವನ್ನೇ ಅದರ ಮೇಲಿಡಿ. ಸ್ಕೋಪಿನ (ರೈಫಲಿನ ಮೇಲಿನ ದುರ್ಬೀನಿನ) ಅಡ್ಡಗೆರೆ ಗುರಿಯಿಂದ ಪಕ್ಕಕ್ಕೆ ಸರಿದರೆ ತೋಳಿನಿಂದ ಎಳೆಯಬೇಡಿ, ಪಾದಗಳನ್ನು ಸರಿಸಿ. ಎಳೆದು ಹಿಡಿದ ರೈಫಲ್ ಗುಂಡು ಹಾರಿದೊಡನೆ ಪಕ್ಕಕ್ಕೆ ಜಿಗಿಯುತ್ತದೆ. ಗುಂಡು ಎಲ್ಲಿ ಬಿತ್ತೆಂದು ಕಾಣುವುದೇ ಇಲ್ಲ.

ಸ್ಪರ್ಧೆಯ ಒಂದು ಹಂತಕ್ಕೆ ಸಿಗುವುದು ಸಾಮಾನ್ಯವಾಗಿ 90ರಿಂದ 120 ಸೆಕೆಂಡು. ಟ್ರೈಪಾಡ್ ಕಾಲು ಬಿಚ್ಚುವುದರಲ್ಲೇ ಅದು ಕರಗಬಾರದು. ಹಾಗೆಂದು ನಾನು ನಿಷೇಧದ ಪರವಲ್ಲ: ನಿಂತು ಹೊಡೆಯುವಾಗ ರೈಫಲಿನ ಹಿಂಬದಿಗೆ ಕೊಟ್ಟ ಟ್ರೈಪಾಡ್ ಆಸರೆ ತೂಗಾಟವನ್ನು ನಿಜಕ್ಕೂ ತಗ್ಗಿಸುತ್ತದೆ. ಆದರೆ ಹಂತದ ನಿಯಮವನ್ನು ಮೊದಲೇ ಓದಿಕೊಳ್ಳಿ. ಕೆಲವೆಡೆ ಚೀಲಕ್ಕೆ ಮಾತ್ರ ಅನುಮತಿ ಇರುತ್ತದೆ.